ಅಪ್ಪನ ಹೆದರಿಕೆಯಿಂದಲೇ ಹುಡುಗ ಗಂಡಾಗುವುದೇ?

ಪರ: ಯಾರೂ ಕಲಿಸದ ಕಲಿಕೆ

ಹೌದು, ಹೆದರಿಕೆಯಿಂದಲೇ ಎಂದವರು ಮನೋವಿಶ್ಲೇಷಣೆಯ ಮೂಲಪುರುಷ ಸಿಗ್ಮಂಡ್ ಫ್ರಾಯ್ಡ್. ಅವರ ಪರವಾಗಿ ಬರೆಯಲು ಬೇರೆ ಯಾರೂ ಒಪ್ಪದೆ ಈ ಕೆಲಸ ನನ್ನ ಪಾಲಿಗೆ ಬಂತು. ಬಿ.ಎಡ್. ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಫ್ರಾಯ್ಡ್ ಪಾಠ ಮಾಡಿದ್ದೇನೆ. ಪರೀಕ್ಷೆಗೆ ಬರುತ್ತದೆಂದು ಮಾಡಿದ್ದು, ಪೂರ್ತಿ ನಂಬಿ ಅಲ್ಲ.

ಸಿದ್ಧಾಂತ ಇಷ್ಟು. ಮೂರರಿಂದ ಆರು ವರ್ಷದೊಳಗೆ ಗಂಡುಮಗುವಿಗೆ ಅಮ್ಮ ತನ್ನೊಬ್ಬನಿಗೇ ಬೇಕು. ಅಪ್ಪ ಅಡ್ಡ ನಿಂತವನಂತೆ ಕಾಣುತ್ತಾನೆ. ಅವನ ಮೇಲೆ ಸಿಟ್ಟು, ಅವನು ಶಿಕ್ಷಿಸಿಯಾನು ಎಂಬ ಹೆದರಿಕೆ. ಈ ಇಕ್ಕಟ್ಟಿನಿಂದ ಪಾರಾಗಲು ಮಗು ಅಪ್ಪನನ್ನೇ ಒಳಗೆ ತಂದುಕೊಂಡು ಅವನಂತೆ ಆಗಹೊರಡುತ್ತದೆ. ಹೆಣ್ಣುಮಕ್ಕಳ ಬಗ್ಗೆ ಫ್ರಾಯ್ಡ್ ಹೇಳಿದ್ದು ಕುಂಟುತ್ತದೆ. ಹೆಣ್ಣಿನ ಲೈಂಗಿಕ ಬದುಕು ಮನೋವಿಜ್ಞಾನಕ್ಕೆ ‘ಕತ್ತಲ ಖಂಡ’ ಎಂದು 1926ರಲ್ಲಿ ಅವರೇ ಕೈಚೆಲ್ಲಿದರು. ಅದನ್ನು ನಾನು ಸಮರ್ಥಿಸಹೋಗುವುದಿಲ್ಲ.

ಆದರೆ ನಮ್ಮ ಕಾಸರಗೋಡಿನ ಗಲ್ಫ್ ಮನೆಗಳನ್ನು ನೋಡಿ. ನೆರೆಮನೆಯ ಅಪ್ಪ ಎರಡು ವರ್ಷದ ಮೇಲೆ ಊರಿಗೆ ಬಂದಿದ್ದ. ನಾಲ್ಕು ವರ್ಷದ ಪೋರ ಮೊದಲ ದಿನ ಚಾಕೊಲೇಟ್ ತಿಂದ. ಮೂರನೇ ದಿನ ಅಮ್ಮನ ಮಗ್ಗುಲಿನ ಜಾಗ ಹೋಯಿತೆಂದು ರಂಪ ಮಾಡಿ ಕೇಳಿದ: “ಈ ಮಾಮ ವಾಪಸು ಯಾವಾಗ ಹೋಗುವುದು?” ತಿಂಗಳು ಕಳೆಯುವಷ್ಟರಲ್ಲಿ ಅದೇ ಹುಡುಗ ಅಪ್ಪನ ವಾಚು ಕಟ್ಟಿ, ಮುಂಡು ಮಡಚಿ, ಅಂಗಳದಲ್ಲಿ ಅಪ್ಪನದೇ ನಡಿಗೆ ನಡೆಯುತ್ತಿದ್ದ. ಅದನ್ನು ಯಾರೂ ಕೂರಿಸಿ ಕಲಿಸಿರಲಿಲ್ಲ.

1978ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞೆ ನ್ಯಾನ್ಸಿ ಚೊಡೊರೋ ಈ ಚಿಂತನೆಯನ್ನು ಬೇರೆ ಕಡೆಗೆ ತಿರುಗಿಸಿದರು. ಗಂಡಾಗಲಿ ಹೆಣ್ಣಾಗಲಿ, ಹೆಚ್ಚಿನ ಮನೆಗಳಲ್ಲಿ ಮೊದಲು ಸಾಕುವವಳು ತಾಯಿ. ಹೆಣ್ಣುಮಗು ಆ ನಂಟನ್ನು ಮುಂದುವರಿಸಿಕೊಂಡೇ ಹೆಣ್ಣಾಗುತ್ತದೆ. ಗಂಡುಮಗು ‘ನಾನು ಅವಳಲ್ಲ’ ಎಂದು ಬೇರ್ಪಟ್ಟು ಗಂಡಾಗಬೇಕು. ‘ಹೆಂಗಸರ ಹಾಗೆ ಅಳಬೇಡ’ ಎಂಬ ಮಾತು ಹುಡುಗರನ್ನು ಅಷ್ಟೊಂದು ಚುಚ್ಚುವುದು ಏಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ವಿರೋಧ: ನಮ್ಮಲ್ಲಿ ಹೆದರಿಸುತ್ತಿದ್ದವರು ಮಾವ

ಇಷ್ಟು ದೊಡ್ಡ ಸಿದ್ಧಾಂತಕ್ಕೆ ಫ್ರಾಯ್ಡ್ ಮುಂದಿಟ್ಟ ಹೆಸರಾಂತ ಮಗು ಒಂದೇ ಒಂದು. ವಿಯೆನ್ನಾದ ಐದು ವರ್ಷದ ‘ಪುಟ್ಟ ಹಾನ್ಸ್’, ಕುದುರೆಗೆ ಹೆದರಿ ಬೀದಿಗಿಳಿಯದವನು. 1909ರಲ್ಲಿ ಬಂದ ವರದಿಯ ಪ್ರಕಾರ ಆ ಕುದುರೆ ಎಂದರೆ ಅಪ್ಪ. ಚಿಕಿತ್ಸೆ ನಡೆಸಿದ್ದು ಯಾರು? ಅದೇ ಅಪ್ಪ! ಅವರು ಫ್ರಾಯ್ಡರ ಬಳಗದವರು. ಮಗನ ಮಾತು ಬರೆದು ಒಪ್ಪಿಸುತ್ತಿದ್ದರು, ಫ್ರಾಯ್ಡ್ ಅರ್ಥ ಹೇಳುತ್ತಿದ್ದರು. ಚಿಕಿತ್ಸೆಗೆಂದು ಫ್ರಾಯ್ಡ್ ಹುಡುಗನ ಜೊತೆ ಕೂತು ಮಾತಾಡಿದ್ದು ಒಂದೇ ಸಲ. ಗಾಡಿಯ ಕುದುರೆ ಬೀದಿಯಲ್ಲಿ ಬಿದ್ದು ಒದ್ದಾಡಿದ್ದನ್ನು ಮಗು ಕಣ್ಣಾರೆ ಕಂಡಿತ್ತು. ಹೆದರಲು ಅಷ್ಟು ಸಾಲದೇ? 1922ರಲ್ಲಿ, ಹತ್ತೊಂಬತ್ತರ ಪ್ರಾಯದಲ್ಲಿ ಫ್ರಾಯ್ಡರನ್ನು ಕಾಣಲು ಬಂದ ಹಾನ್ಸ್‌ಗೆ ಅದ್ಯಾವುದೂ ನೆನಪಿರಲಿಲ್ಲ.

ಇನ್ನು ಮುಂಡು ಮಡಚಿದ ಪೋರ. ಮೇಷ್ಟ್ರ ವಾದ ಹಿಡಿದು ಹೋದರೆ, ಅಪ್ಪ ಊರಲ್ಲಿಲ್ಲದ ಹುಡುಗ ಗಂಡಾಗುವುದೇ ಇಲ್ಲ ಎಂದಾಗುವುದಿಲ್ಲವೇ? ಹಾಗಾದರೆ ನಮ್ಮ ಜಿಲ್ಲೆಯ ಗತಿ ಏನು? 1983ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಸೂಸನ್ ಗೋಲಂಬಾಕ್ ಮತ್ತು ಸಂಗಡಿಗರು ಸಲಿಂಗಿ ತಾಯಂದಿರ ಮಕ್ಕಳನ್ನೂ ಒಂಟಿ ತಾಯಂದಿರ ಮಕ್ಕಳನ್ನೂ ಹೋಲಿಸಿ ನೋಡಿದರು. ಎರಡೂ ಕಡೆ ಮನೆಯಲ್ಲಿ ಅಪ್ಪ ಇಲ್ಲ. ತಾನು ಗಂಡು, ತಾನು ಹೆಣ್ಣು ಎಂಬ ಅರಿವಿನಲ್ಲಿ ಮಕ್ಕಳಿಗೆ ಗೊಂದಲವೇನೂ ಕಾಣಲಿಲ್ಲ. ಚೊಡೊರೋ ಅಮೆರಿಕದ ಮನೆಗಳನ್ನು ನೋಡಿ ಬರೆದವರು, ಅದು ಅಲ್ಲಿಗೇ ಇರಲಿ.

ನಮ್ಮದು ಅಳಿಯಸಂತಾನದ ಮನೆ, ವಂಶವೂ ಆಸ್ತಿಯೂ ಅಮ್ಮನ ಕಡೆಯಿಂದ ಬರುವಂಥದ್ದು. 1975ರ ಕೇರಳದ ಕಾನೂನು ಕೂಡುಕುಟುಂಬವನ್ನು ಕಾಗದದ ಮೇಲೆ ಮುಗಿಸುವ ಮುಂಚಿನ ಮಾತು. ಯಜಮಾನಿಕೆ ತಮ್ಮಲೆಯದ್ದು, ಅಂದರೆ ಅಮ್ಮನ ಅಣ್ಣನದ್ದು. ಬೆತ್ತ, ಬೀಗದ ಕೈ, ಅಡಿಕೆ ಮಾರಿದ ದುಡ್ಡು ಎಲ್ಲ ಅವರ ಕೈಯಲ್ಲಿ. ಅಪ್ಪ ಸಂಜೆ ಬರುವವರು, ಕಿಸೆಯಲ್ಲಿ ಕಡಲೆ ತರುವವರು, ನಮ್ಮನ್ನು ಹೆಗಲೇರಿಸಿಕೊಳ್ಳುವವರು. ಪೆಸಿಫಿಕ್ಕಿನ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಮಾನವಶಾಸ್ತ್ರಜ್ಞ ಮಾಲಿನೋವ್ಸ್ಕಿ ಕಂಡದ್ದೂ ಇದೇ. ಅಲ್ಲಿ ಅಪ್ಪ ಗೆಳೆಯ, ಸೋದರಮಾವ ದಂಡಾಧಿಕಾರಿ, ಹುಡುಗರ ಸಿಟ್ಟೂ ಮಾವನ ಮೇಲೆಯೇ ಎಂದು 1927ರಲ್ಲಿ ಅವರು ಬರೆದರು. ಅಮ್ಮನ ಮಗ್ಗುಲಲ್ಲಿ ಮಲಗದ ಮನುಷ್ಯನ ಮೇಲೆ ಹುಡುಗನಿಗೆ ಎಂಥ ಹೊಟ್ಟೆಕಿಚ್ಚು?

ಸರಿ, ನನ್ನ ಅಣ್ಣ ಹೆದರಿದ್ದು ತಮ್ಮಲೆಗೆ. ತಮ್ಮಲೆಯಂತೆ ಆದನೇ? ಅವನು ನೋಡಿ ನೋಡಿ ಕಲಿತದ್ದು ಅಜ್ಜಿಯನ್ನು. ಅಜ್ಜಿ ನೆರಿಗೆ ಹಿಡಿಯುವುದು, ಸೆರಗಿನ ತುದಿಯಲ್ಲಿ ಬಾಯಿ ಮುಚ್ಚಿ ನಗುವುದು, ವೀಳ್ಯದೆಲೆಯ ತೊಟ್ಟು ಮುರಿಯುವುದು. ಹದಿನೇಳಕ್ಕೆ ಯಕ್ಷಗಾನದ ಚೌಕಿಯಲ್ಲಿ ಸ್ತ್ರೀವೇಷಕ್ಕೆ ಕೂತ. ಹಗಲು ಅಡಿಕೆಮರ ಹತ್ತಿ ಮದ್ದು ಬಿಡುವವನು, ರಾತ್ರಿ ದಮಯಂತಿ. ಮರ ಹತ್ತಲು ಕಲಿಸಿದವ ಕೆಲಸದಾಳು, ಅಪ್ಪನೂ ಅಲ್ಲ, ಮಾವನೂ ಅಲ್ಲ. ಮುಂದೆ ಮದುವೆಯಾದ, ಎರಡು ಮಕ್ಕಳ ತಂದೆಯಾದ. ಗಂಡೋ ಹೆಣ್ಣೋ ಎಂಬ ಸಂಶಯ ಅವನಿಗೆ ಒಂದು ದಿನವೂ ಬಂದದ್ದಿಲ್ಲ.

ಮೊದಲ ವೇಷದ ರಾತ್ರಿ ಅಪ್ಪ ಎದುರಿನ ಸಾಲಿನಲ್ಲೇ ಚಾಪೆ ಹಾಕಿ ಕೂತಿದ್ದರು. ತಮ್ಮಲೆ ಆಟಕ್ಕೆ ಬರಲಿಲ್ಲ. ಬೆಳಿಗ್ಗೆ ಅಣ್ಣ ಬಣ್ಣ ಪೂರ್ತಿ ತೆಗೆಯದೆ ಜಗಲಿ ಹತ್ತಿದಾಗ ನಮಗೆಲ್ಲ ಉಸಿರು ನಿಂತಂತಾಯಿತು. ತಮ್ಮಲೆ ಪತ್ರಿಕೆಯಿಂದ ತಲೆ ಎತ್ತಿ ಕೇಳಿದ್ದು ಒಂದೇ: “ಸೀರೆ ಯಾರದ್ದು?”

“ಅಜ್ಜಿಯದ್ದು.”

“ಒಗೆದು ಕೊಡು.”