ಟ್ಯಾಂಕಿನೊಳಗಿನ ಕೊಬ್ಬರಿ ಎಣ್ಣೆ

ಡಿಸೆಂಬರ್‌ನಲ್ಲಿ ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಗಟ್ಟಿಯಾದರೆ ಬಾಟಲಿ ಕೆಟ್ಟಿತು ಅಂತ ಯಾರೂ ಅಂಗಡಿಗೆ ಓಡುವುದಿಲ್ಲ, ಬಿಸಿಲಿಗೆ ಇಡುತ್ತಾರೆ. ಲಾರಿ ವಿಷಯ ಬಂದಾಗ ಮಾತ್ರ ಆ ಬುದ್ಧಿ ರಜೆ ಹಾಕುತ್ತದೆ. ಹಿಮಾಚಲದ ಅಟಲ್ ಸುರಂಗ ದಾಟಿ ಕೇಲಾಂಗ್‌ನಲ್ಲಿ ರಾತ್ರಿ ತಂಗಿದ ಹಳೇ ಲಾರಿ ಬೆಳಿಗ್ಗೆ ಸ್ಟಾರ್ಟೇನೋ ಆಗುತ್ತದೆ. ಏರು ಬಂದ ಕೂಡಲೇ ಸೆಕೆಂಡ್ ಗೇರಿನಲ್ಲೂ ಎಳೆಯುವುದಿಲ್ಲ. ಬಾನೆಟ್ ಎತ್ತುವ ಮೊದಲೇ ಕ್ಲೀನರ್ ತೀರ್ಪು ಕೊಟ್ಟಾಗಿರುತ್ತದೆ: 'ಅಣ್ಣಾ, ಡೀಸೆಲ್ ಪಂಪ್ ಹೋಗಿದೆ.'

ಪಂಪ್ ಎಲ್ಲಿಗೂ ಹೋಗಿರುವುದಿಲ್ಲ. ನಮ್ಮ ದೇಶದ ಡೀಸೆಲ್ ಮಾನದಂಡದ ಪ್ರಕಾರ ಚಳಿಗಾಲದ ಡೀಸೆಲ್ 6 ಡಿಗ್ರಿವರೆಗೆ ಫಿಲ್ಟರ್ ದಾಟಿದರೆ ಸಾಕು, ಬೇಸಿಗೆಯದ್ದಕ್ಕೆ 18. ಅದಕ್ಕಿಂತ ಚಳಿಯಾದರೆ ಒಳಗಿನ ಮೇಣ ಹರಳುಗಟ್ಟಿ ಫಿಲ್ಟರ್ ಕಾಗದಕ್ಕೆ ತುಪ್ಪದ ಹಾಗೆ ಮೆತ್ತಿಕೊಳ್ಳುತ್ತದೆ. ನಿಂತಲ್ಲೇ ಇಂಜಿನ್ ಓಡಲು ಬೇಕಾದ ಚೂರುಪಾರು ಡೀಸೆಲ್ ಹೇಗೋ ನುಸುಳುತ್ತದೆ, ಏರಿಗೆ ಬೇಕಾದಷ್ಟು ನುಸುಳುವುದಿಲ್ಲ. ಅರ್ಧ ಗಂಟೆ ನಿಲ್ಲಿಸಿದರೆ ಇಂಜಿನ್ ಕಾವಿಗೆ ಮೇಣ ಕರಗಿ ಗಾಡಿ ಮತ್ತೆ ಓಡುತ್ತದೆ. ಅಷ್ಟರೊಳಗೆ ತೆಂಗಿನಕಾಯಿ ಒಡೆದಿದ್ದರೆ ಪುಣ್ಯವೆಲ್ಲ ಕಾಯಿಗೆ.

ಕಾರಣ ಮೇಣವೋ ಬೇರೆಯೋ ತಿಳಿಯಲು ಮೊದಲು ಹೊಗೆ ನೋಡಿ. ಟರ್ಬೊ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಇಂಜಿನ್ ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ಸುಮಾರು ಶೇ. 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಕೇಲಾಂಗ್ ಇರುವುದು 3,000 ಮೀಟರ್ ಮೇಲೆ. ಎಳೆಯದೆ ಕಪ್ಪು ಹೊಗೆ ಉಗುಳಿದರೆ ಕೊರತೆ ಗಾಳಿಯದು, ಏರ್ ಕ್ಲೀನರ್ ಬಿಚ್ಚಿ ಕೊಡವಿ. ಹೊಗೆಯೇ ಇಲ್ಲದೆ ತೂಕಡಿಸುತ್ತಿದ್ದರೆ ಹಸಿವು ಡೀಸೆಲ್‌ನದು.

ಆಮೇಲೆ ಫಿಲ್ಟರ್ ತಲೆಯ ಏರ್ ಸ್ಕ್ರೂ (ಗಾಳಿ ಬಿಡುವ ಸ್ಕ್ರೂ) ಸಡಿಲಿಸಿ, ಟ್ಯಾಂಕಿನಿಂದ ಡೀಸೆಲ್ ಹೀರುವ ಫೀಡ್ ಪಂಪಿನ ಹ್ಯಾಂಡ್ ಪ್ರೈಮರ್, ಅಂದರೆ ಕೈಯಿಂದ ಒತ್ತುವ ಗುಂಡಿ, ಒತ್ತಿ. ಮೇಲೆಳೆದಾಗ ಬಿಗಿಯಾಗಿ ಹಿಂದಕ್ಕೆ ಜಗ್ಗಿದರೆ ಟ್ಯಾಂಕಿನ ಜಾಲರಿಯಿಂದ ಪಂಪ್‌ವರೆಗೆ ಎಲ್ಲೋ ಕಟ್ಟಿದೆ. ಸಲೀಸಾಗಿ ಒತ್ತಿಸಿಕೊಂಡು ನೊರೆ ಉಕ್ಕಿಸಿದರೆ ಲೈನಿಗೆ ಗಾಳಿ ಸೇರಿದೆ. ಹಳೇ ರಬ್ಬರ್ ಪೈಪು ಚಳಿಗೆ ಕಡ್ಡಿಯಂತಾಗಿ ಕ್ಲಿಪ್ಪಿನ ಬುಡದಲ್ಲಿ ಬಿರಿದಿರುತ್ತದೆ. ಹೀರುವ ಕಡೆಯಾದ್ದರಿಂದ ಹೊರಗೆ ಒಂದು ತೊಟ್ಟೂ ಸೋರುವುದಿಲ್ಲ, ಗಾಳಿ ಮಾತ್ರ ಕಳ್ಳನ ಹಾಗೆ ಒಳಗೆ ಹೋಗುತ್ತದೆ. ಹಿಡಿಯಲು ಒಂದಡಿ ಪಾರದರ್ಶಕ ಪೈಪು ನಡುವೆ ಸೇರಿಸಿ, ಗುಳ್ಳೆ ಕಾಣುತ್ತದೆ. ಪೈಪು, ತಾಮ್ರದ ವಾಷರ್ ಬದಲಿಸಿದರೆ ಕೆಲಸ ಮುಗಿಯಿತು. ಪಂಪ್ ಬಿಚ್ಚಿಸಿದ್ದರೆ ಆಗುತ್ತಿದ್ದ ಖರ್ಚನ್ನು ನೆನೆದು ಒಂದು ಟೀ ಜಾಸ್ತಿ ಕುಡಿಯಬಹುದು.

ಇನ್ನೂ ಅನುಮಾನವೇ? ಐದು ಲೀಟರ್ ಕ್ಯಾನಿನಲ್ಲಿ ಬೆಚ್ಚಗಿನ, ಶುದ್ಧ ಡೀಸೆಲ್ ತುಂಬಿ, ಹೊರಗೆ ಭದ್ರವಾಗಿ ಕಟ್ಟಿ, ಅದರ ಪೈಪನ್ನು ನೇರ ಫೀಡ್ ಪಂಪಿಗೆ ಕೊಡಿ. ಗಾಡಿ ಎಳೆದರೆ ತಪ್ಪು ಟ್ಯಾಂಕ್ ಕಡೆಯದು.

ಮೇಣ ಕಟ್ಟಿದ ಫಿಲ್ಟರಿಗೆ ಬಟ್ಟೆ ಸುತ್ತಿ ಬಿಸಿನೀರು ಹೊಯ್ಯಿರಿ. ಟ್ಯಾಂಕಿನ ಕೆಳಗೆ ಸ್ಟವ್ ಹಚ್ಚುವ ಪರಿಪಾಠವೂ ಇದೆ. ಆ ಶೂರರ ಪಕ್ಕ ಲಾರಿ ನಿಲ್ಲಿಸಬೇಡಿ. ಸೀಮೆಎಣ್ಣೆ ಬೆರೆಸಿದರೆ ಆಯಿತಲ್ಲ ಎನ್ನುವವರಿಗೆ ಎರಡು ಮಾತು: ಫಿಲ್ಟರಿನಲ್ಲಿ ಆಗಲೇ ಕಟ್ಟಿದ ಮೇಣವನ್ನು ಅದು ಕರಗಿಸುವುದಿಲ್ಲ, ಜಿಡ್ಡು ಕಡಿಮೆಯಾಗಿ ಪಂಪ್ ಸವೆಯುತ್ತದೆ. ಆಗ ಕ್ಲೀನರ್ ಮಾತೇ ನಿಜವಾಗುತ್ತದೆ. ರೇಷನ್ ಸೀಮೆಎಣ್ಣೆಯಾದರೆ ಅಪರಾಧ ಬೇರೆ. ಲಡಾಖ್‌ಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ತಂದ ಚಳಿಗಾಲದ ಡೀಸೆಲ್ ಮೈನಸ್ 33 ಡಿಗ್ರಿಯಲ್ಲೂ ಹರಿಯುತ್ತದೆ. ಸಿಕ್ಕಲ್ಲಿ ಅದನ್ನೇ ಹಾಕಿಸಿ.

ಸಂಜೆಯೇ ಟ್ಯಾಂಕ್ ತುಂಬಿಸಿಡಿ. ಖಾಲಿ ಜಾಗ ಇದ್ದಷ್ಟೂ ರಾತ್ರಿ ಒಳಗೆ ನೀರು ಬೆವರುತ್ತದೆ, ಕೆಳಗೆ ಕೂತು ಮಂಜುಗಡ್ಡೆಯಾಗುತ್ತದೆ. ಫಿಲ್ಟರ್ ಬಟ್ಟಲಿನ ನೀರನ್ನೂ ಇಂಜಿನ್ ಬಿಸಿಯಿದ್ದಾಗಲೇ ಬಿಟ್ಟುಬಿಡಿ. ಲಾರಿ ನಿಲ್ಲಿಸುವಾಗ ಟ್ಯಾಂಕ್ ಇರುವ ಮಗ್ಗುಲು ಪೂರ್ವಕ್ಕಿರಲಿ. ಆ ಕಣಿವೆಯಲ್ಲಿ ಬಿಸಿಲು ತಡವಾಗಿ ಇಳಿಯುತ್ತದೆ, ಕ್ಲೀನರ್ ಕೂಡ ತಡವಾಗಿಯೇ ಏಳುತ್ತಾನೆ.