ಸಾಹೇಬರಿಗೂ ಗಂಡು ಮಕ್ಕಳಿರಲಿಲ್ಲ

ಶಾಲೆಯಲ್ಲಿ ಇತಿಹಾಸ ಓದಿದವರಿಗೆಲ್ಲ ಗವರ್ನರ್ ಜನರಲ್ ಡಾಲ್‌ಹೌಸಿ ಸಾಹೇಬರು ಗೊತ್ತು. 'ದತ್ತು ಮಕ್ಕಳಿಗೆ ಹಕ್ಕಿಲ್ಲ' ಎಂದು ಸಂಸ್ಥಾನಗಳನ್ನು ನುಂಗಿದ ಪುಣ್ಯಾತ್ಮರು. ರಾಜನಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಗ ಇಲ್ವಾ? ಸರಿ, ರಾಜ್ಯ ಈಸ್ಟ್ ಇಂಡಿಯಾ ಕಂಪನಿಗೆ! 1848ರಲ್ಲಿ ಸತಾರಾ, 1854ರಲ್ಲಿ ಝಾನ್ಸಿ, ನಾಗಪುರ. ಝಾನ್ಸಿಯ ಗಂಗಾಧರ ರಾವ್ ಸಾಯುವ ಹಿಂದಿನ ದಿನ ಕಂಪನಿಯ ಅಧಿಕಾರಿಯ ಎದುರಲ್ಲೇ ಹುಡುಗನನ್ನು ದತ್ತು ತೆಗೆದುಕೊಂಡಿದ್ದರು. ನಡೆಯಲಿಲ್ಲ. ರಾಣಿಗೆ ವರ್ಷಕ್ಕೆ 60,000 ರೂಪಾಯಿ ಪಿಂಚಣಿ, ಕೋಟೆ ಖಾಲಿ ಮಾಡಿ ಎಂದರು.

ಈ ಚಾಳಿ ಅವರೇ ಶುರು ಮಾಡಿದ್ದೂ ಅಲ್ಲ. 1824ರಲ್ಲಿ ಕಿತ್ತೂರಿನ ದತ್ತು ಒಪ್ಪಲ್ಲ ಎಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಹಟ ಹಿಡಿದಾಗ ಡಾಲ್‌ಹೌಸಿ 12 ವರ್ಷದ ಹುಡುಗ. ಥ್ಯಾಕರೆಗೆ ಚೆನ್ನಮ್ಮನ ಕಡೆಯವರು ಏನು ಉತ್ತರ ಕೊಟ್ಟರು ಅನ್ನೋದು ನಿಮಗೇ ಗೊತ್ತು.

ಈಗ ಸಾಹೇಬರ ಮನೆಗೆ ಬರೋಣ. 1849ರಲ್ಲಿ ಹತ್ತು ವರ್ಷದ ದುಲೀಪ್ ಸಿಂಗನಿಂದ ಪಂಜಾಬ್ ಕಿತ್ತುಕೊಂಡಿದ್ದಕ್ಕೆ ಅವರಿಗೆ ಮಾರ್ಕ್ವಿಸ್ ಎಂಬ ದೊಡ್ಡ ಲಾರ್ಡ್ ಪದವಿ ಸಿಕ್ಕಿತು. ಪದವಿಯ ಬಾಲದಲ್ಲಿ ಪಂಜಾಬಿನ ಹೆಸರೂ ಇತ್ತು. ವಂಶಪಾರಂಪರ್ಯ ಪದವಿ, ಆದರೆ ಗಂಡು ಸಂತಾನಕ್ಕೆ ಮಾತ್ರ. ಈ ಷರತ್ತು ಹಾಕಿದ್ದು ಯಾರ ಹೆಸರಲ್ಲಿ? ವಿಕ್ಟೋರಿಯಾ ರಾಣಿಯ ಹೆಸರಲ್ಲಿ! ಹೆಂಗಸು ಸಾಮ್ರಾಜ್ಯ ಆಳಬಹುದು, ಅಪ್ಪನ ಮಾರ್ಕ್ವಿಸ್ ಪದವಿ ಇಟ್ಟುಕೊಂಡರೆ ಮಾತ್ರ ಆಕಾಶ ಬೀಳುತ್ತದೆ.

ಸಾಹೇಬರಿಗೆ ಇಬ್ಬರೇ ಮಕ್ಕಳು, ಸೂಸನ್ ಮತ್ತು ಈಡಿತ್. ಇಬ್ಬರೂ ಹೆಣ್ಣು. 1860ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು, ಜೊತೆಗೆ ಪದವಿಯೂ ಸತ್ತಿತು. ಒಟ್ಟು ಬಾಳಿಕೆ 11 ವರ್ಷ. ನಮ್ಮೂರ ಬಸ್ ಸ್ಟ್ಯಾಂಡಿನ ಶಂಕುಸ್ಥಾಪನೆ ಕಲ್ಲು ಇದಕ್ಕಿಂತ ಜಾಸ್ತಿ ದಿನ ಬಾಳುತ್ತದೆ.

ಅವರ ಮನೆತನದ ಹಳೇ ಸ್ಕಾಟಿಷ್ ಅರ್ಲ್ ಪದವಿ ಮಾತ್ರ ಉಳಿಯಿತು. ಅದು ಹೋಗಿದ್ದು ದಾಯಾದಿ ಫಾಕ್ಸ್ ಮೌಲ್ ಪಾಲಿಗೆ. ಅವರಿಗೂ ಮಕ್ಕಳಿಲ್ಲ. 1874ರಲ್ಲಿ ಅವರು ಸತ್ತಾಗ ಅವರದೇ ಪ್ಯಾನ್‌ಮ್ಯೂರ್ ಬ್ಯಾರನ್ ಪದವಿ ಮಣ್ಣು ಸೇರಿತು, ಅರ್ಲ್ ಪದವಿ ಇನ್ನೊಬ್ಬ ದಾಯಾದಿಗೆ ಹೋಯಿತು. ಯಾರೂ ಸೈನ್ಯ ತಂದು ಡಾಲ್‌ಹೌಸಿ ಕೋಟೆಗೆ ಬೀಗ ಹಾಕಲಿಲ್ಲ. ರಾಜ್ಯ ಹೋಗುವುದು ನಮ್ಮವರದ್ದು, ಅವರದ್ದು ಸುಮ್ನೆ ಹೆಸರು.

ಇನ್ನೊಂದು ತಮಾಷೆ. ನಮ್ಮ ದತ್ತು ಪತ್ರಗಳನ್ನು ಭೂತಗನ್ನಡಿ ಹಿಡಿದು ನೋಡಿದ ಇವರ ಇಂಗ್ಲೆಂಡಿನಲ್ಲಿ 1926ರವರೆಗೆ ದತ್ತು ಕಾನೂನೇ ಇರಲಿಲ್ಲ. ಇವತ್ತಿಗೂ ಅಲ್ಲಿ ದತ್ತು ಮಗನಿಗೆ ಲಾರ್ಡ್ ಪಟ್ಟ ಸಿಗಲ್ಲ. 2004ರಲ್ಲಿ ಮಾತ್ರ ಅರಮನೆ ದೊಡ್ಡ ಮನಸ್ಸು ಮಾಡಿತು: ಲಾರ್ಡ್‌ಗಳ ದತ್ತು ಮಕ್ಕಳು ಹೆಸರಿಗೆ ಮೊದಲು 'ಆನರಬಲ್' ಅಂತ ಹಾಕಿಕೊಳ್ಳಬಹುದು.