‘ಅಮ್ಮ ಎಲ್ಲಿದ್ದಳು?’ ಎಂದು ಕೇಳಿದವರಿಗೆಲ್ಲ

ಮೊನ್ನೆಯಿಂದ ಮನೆಗೆ ಬಂದ ಫೋನುಗಳಲ್ಲೆಲ್ಲ ಒಂದೇ ಪ್ರಶ್ನೆ. "ಪುಟ್ಟಿ ಬ್ಯಾಟರಿ ಬಾಯಿಗೆ ಹಾಕ್ಕೊಂಡಾಗ ನೀನೆಲ್ಲಿದ್ದೆ?" ಕೇಳಿದ್ದು ನನ್ನನ್ನಲ್ಲ, ನನ್ನ ಹೆಂಡತಿಯನ್ನು. ದೊಡ್ಡಮ್ಮ ಕೇಳಿದರು, ಅತ್ತಿಗೆ ಕೇಳಿದರು, ಎಂದೂ ಫೋನ್ ಮಾಡದ ದೂರದ ನೆಂಟರೂ ಸುದ್ದಿ ತಿಳಿದು ಕರೆ ಮಾಡಿ ಇದನ್ನೇ ಕೇಳಿದರು. ಅವಳು ಒಬ್ಬೊಬ್ಬರಿಗೂ "ಸ್ನಾನಕ್ಕೆ ಹೋಗಿದ್ದೆ" ಎಂದು ಉತ್ತರ ಕೊಟ್ಟಳು, ಏನೋ ತಪ್ಪು ಮಾಡಿದವಳ ದನಿಯಲ್ಲಿ. ಅದನ್ನು ಕೇಳಿ ಕೇಳಿ ನನಗೆ ತಲೆ ಕೆಟ್ಟಿದೆ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮಗುವಿನ ಜೊತೆ ಇದ್ದದ್ದು ನಾನು. ಅದೇ ಚಾಪೆಯ ಮೇಲೆ ಕೂತಿದ್ದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಮೊಬೈಲ್ ಕೈಯಲ್ಲಿರಲಿಲ್ಲ, ಟಿವಿ ಹಾಕಿರಲಿಲ್ಲ, ಅವಳನ್ನೇ ನೋಡುತ್ತಿದ್ದೆ. ಫ್ಯಾನಿನ ರಿಮೋಟ್ ಸೋಫಾ ಮೇಲಿತ್ತು. ಎಳೆದಳು. ನೆಲಕ್ಕೆ ಬಿತ್ತು. ಹಿಂದಿನ ಮುಚ್ಚಳ ಹಾರಿತು, ನಾಣ್ಯದಂಥ ಬ್ಯಾಟರಿ ಉರುಳಿಕೊಂಡು ಹೋಯಿತು. ನಾನು ಬಗ್ಗಿ ಮುಚ್ಚಳ ಎತ್ತಿಕೊಂಡು ತಿರುಗುವಷ್ಟರಲ್ಲಿ ಅವಳ ಬಾಯಿ ಆಡುತ್ತಿತ್ತು. ಬಾಯಿ ತೆರೆಸಿ ನೋಡಿದೆ, ಏನೂ ಇಲ್ಲ. ನೆಲದ ಮೇಲೆ ಹುಡುಕಿದೆ, ಬ್ಯಾಟರಿಯೂ ಇಲ್ಲ.

ಅವಳು ಅಳಲಿಲ್ಲ, ಕೆಮ್ಮಲಿಲ್ಲ, ನನ್ನ ಮುಖ ನೋಡಿ ನಕ್ಕಳು. ಆ ನಗು ನೋಡಿ ಸಮಾಧಾನ ಆಗಬೇಕಿತ್ತು ಅಲ್ವಾ? ಆಗಲಿಲ್ಲ. ಯಾಕೆಂದರೆ ಬ್ಯಾಟರಿ ನುಂಗಿದ ಮಗು ಮೊದಮೊದಲು ಹೀಗೇ ಇರಬಹುದು. ಆಮೇಲೆ ಜೊಲ್ಲು ಸುರಿಯಬಹುದು, ಊಟ ಬೇಡ ಅನ್ನಬಹುದು, ಸುಮ್ನೆ ಕಿರಿಕಿರಿ ಮಾಡಬಹುದು. ನೆಗಡಿ ಜ್ವರದಲ್ಲೂ ಮಕ್ಕಳು ಹೀಗೇ ಮಾಡುತ್ತಾರೆ. ಏನೂ ಮಾಡದೆ ಆಡಿಕೊಂಡೇ ಇದ್ದುಬಿಡಬಹುದು ಕೂಡ.

ಈ ಬ್ಯಾಟರಿ ಏನು ಮಾಡುತ್ತದೆ ಅನ್ನುವುದನ್ನು ಬಿಡಿಸಿ ಹೇಳಲೇಬೇಕು. ಫೋನ್ ಮಾಡಿದವರಲ್ಲಿ ಮುಕ್ಕಾಲು ಜನ "ಎರಡು ದಿನ ಕಾಯ್ರಿ, ಕಕ್ಕದಲ್ಲಿ ಹೋಗುತ್ತೆ" ಎಂದರು. ನಾಣ್ಯ ಎಷ್ಟೋ ಸಲ ಹಾಗೆ ಹೋಗುವುದು ನಿಜ. ಬ್ಯಾಟರಿಯ ಕತೆ ಬೇರೆ. ಇಂಥ ಲಿಥಿಯಂ ಬ್ಯಾಟರಿಗಳಲ್ಲಿ ಸಾಮಾನ್ಯವಾದದ್ದು 20 ಮಿಲಿಮೀಟರ್ ಅಗಲದ್ದು, 3 ವೋಲ್ಟಿನದು. ಎಳೆ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವುದಕ್ಕೆ ಸರಿಯಾದ ಅಳತೆ ಅದು. ಅಲ್ಲಿ ಎರಡೂ ಬದಿಗೆ ಹಸಿ ಮಾಂಸ ತಾಗುತ್ತದೆ, ಜೊಲ್ಲಿನ ಮೂಲಕ ಕರೆಂಟ್ ಹರಿಯುತ್ತದೆ. ಮೈನಸ್ ಬದಿಯಲ್ಲಿ ಕ್ಷಾರ ಹುಟ್ಟುತ್ತದೆ. ಚರಂಡಿ ಕಟ್ಟಿಕೊಂಡಾಗ ಸುರಿಯುತ್ತೇವಲ್ಲ, ಆ ಪುಡಿಯಲ್ಲಿ ಇರುವಂಥದ್ದೇ ಕ್ಷಾರ. ಅದು ಅನ್ನನಾಳವನ್ನು ಸುಡುತ್ತದೆ. ಬ್ಯಾಟರಿ ಒಡೆಯಬೇಕಿಲ್ಲ, ಒಳಗಿನದು ಸೋರಬೇಕಿಲ್ಲ. 2 ಗಂಟೆ ಸಾಕು, ಗಾಯ ಆಳಕ್ಕೆ ಇಳಿಯಲು. ಹೊರಗೆ ತೆಗೆದ ಮೇಲೂ ದಿನಗಟ್ಟಲೆ ಆ ಗಾಯ ಕೊರೆಯುತ್ತಾ ಹೋಗಬಹುದು. ಪಕ್ಕದಲ್ಲೇ ಶ್ವಾಸನಾಳ ಇದೆ, ದೊಡ್ಡ ರಕ್ತನಾಳ ಇದೆ. ಇನ್ನೊಂದು ಮಾತು: ರಿಮೋಟ್ ನಡೆಸಲಾಗದ ಹಳೆ ಬ್ಯಾಟರಿಯಲ್ಲೂ ಇಷ್ಟು ಕೆಲಸ ಮಾಡುವ ಶಕ್ತಿ ಉಳಿದಿರುತ್ತದೆ. "ಖಾಲಿಯಾಗಿತ್ತಲ್ಲ, ಏನೂ ಆಗಲ್ಲ" ಎಂದು ಯಾರೂ ಧೈರ್ಯ ಮಾಡಬೇಡಿ.

ಆಸ್ಪತ್ರೆಯಲ್ಲಿ ಮೊದಲು ಎಕ್ಸ್‌ರೇ ತೆಗೆದರು. ನಾಣ್ಯ ಆದರೆ ಒಂದೇ ಬಿಳಿ ದುಂಡು ಕಾಣುತ್ತದಂತೆ, ಬ್ಯಾಟರಿ ಆದರೆ ಅಂಚಿನಲ್ಲಿ ಇನ್ನೊಂದು ಉಂಗುರ. ನಾವು ಕಂಪ್ಯೂಟರ್ ಪರದೆ ನೋಡುತ್ತಾ ನಿಂತೆವು. ಚಿಕ್ಕ ಪಕ್ಕೆಲುಬುಗಳು ಒಂದರ ಕೆಳಗೊಂದು ಕಂಡವು, ಕುತ್ತಿಗೆ ಕಂಡಿತು, ಹೊಟ್ಟೆ ಕಂಡಿತು. ಉಂಗುರ ಇರಲಿಲ್ಲ. ಅವಳು ನುಂಗಿರಲೇ ಇಲ್ಲ. ಬ್ಯಾಟರಿ ಆಮೇಲೆ ಸೋಫಾದ ಕಾಲಿಗೂ ಗೋಡೆಗೂ ನಡುವೆ, ಅಡ್ಡಡ್ಡ ನಿಂತ ಹಾಗೆ ಸಿಕ್ಕಿತು. ಬಾಯಿ ಆಡಿಸುತ್ತಿದ್ದದ್ದು ಸುಮ್ನೆ, ಹಲ್ಲು ಬರುತ್ತಿದೆಯಲ್ಲ, ಅದಕ್ಕೆ.

ಏನೂ ಆಗಲಿಲ್ಲ ಎಂದ ಮೇಲೆ ಈ ಪ್ರಶ್ನೆಗಳು ನಿಲ್ಲಬೇಕಿತ್ತು. ನಿಲ್ಲುವ ಬದಲು ಜಾಸ್ತಿಯಾದವು. ನಾನೇ ಪಕ್ಕದಲ್ಲಿದ್ದೆ ಎಂದು ಹೇಳಿದಾಗಲೂ ದೊಡ್ಡಮ್ಮ, "ಗಂಡಸರಿಗೆ ಅದೆಲ್ಲ ಗೊತ್ತಾಗುತ್ತೇನಪ್ಪಾ, ತಾಯಿ ಆದವಳು ಕಣ್ಣಿಟ್ಟಿರಬೇಕು" ಎಂದರು. ನನಗೆ ಸಿಟ್ಟು ಬಂತು. ದೊಡ್ಡವರ ಮುಂದೆ ದನಿ ಏರಿಸಿದವನಲ್ಲ ನಾನು, ನಿಮಗೆಲ್ಲ ಗೊತ್ತು. ಅವತ್ತು ಏರಿಸಿದೆ. ಬಚ್ಚಲಲ್ಲಿರುವ ತಾಯಿ ಯಾವ ಕಣ್ಣಿಡಬೇಕು? ಒಂದು ಮೊಳ ದೂರದಲ್ಲಿ ಅಪ್ಪ ಕಣ್ಣುಬಿಟ್ಟು ಕೂತಿದ್ದರೂ ತಡೆಯಲಾಗದ್ದನ್ನು ಬಾಗಿಲ ಆಚೆ ಇದ್ದವಳು ಹೇಗೆ ತಡೆಯಬೇಕಿತ್ತು?

ನನ್ನ ಸಿಟ್ಟಿನ ಮೂಲ ಇಲ್ಲೇ ಇದೆ. ಮನೆಯಲ್ಲಿ ಮಗುವಿಗೆ ಏನಾದರೂ ಆದ ಕೂಡಲೇ ನಾವು ತಾಯಿಯ ಕಣ್ಣನ್ನು ವಿಚಾರಣೆಗೆ ನಿಲ್ಲಿಸುತ್ತೇವೆ. ರಿಮೋಟಿನ ಮುಚ್ಚಳ ಒಂದೇ ಏಟಿಗೆ ಯಾಕೆ ಹಾರಿತು ಎಂದು ಯಾರೂ ಕೇಳಲಿಲ್ಲ. ಒಬ್ಬರೂ! ಪುಟ್ಟಿಯ ಹಾಡುವ ಗೊಂಬೆಯಲ್ಲೂ ಬ್ಯಾಟರಿ ಇದೆ. ಅದರ ಗೂಡಿಗೆ ಸ್ಕ್ರೂ ಇದೆ, ಸ್ಕ್ರೂಡ್ರೈವರ್ ಇಲ್ಲದೆ ನನಗೇ ತೆಗೆಯಲಾಗುವುದಿಲ್ಲ. ಅದು ಆಟಿಕೆ, ಆಟಿಕೆಗೆ ನಿಯಮ ಇದೆ. ರಿಮೋಟು ಆಟಿಕೆ ಅಲ್ಲವಂತೆ. ಒಂದೂವರೆ ವರ್ಷದ ಮಗುವಿಗೆ ಆ ವ್ಯತ್ಯಾಸ ಗೊತ್ತಾ? ಅಮೆರಿಕದಲ್ಲಿ ಒಂದು ಮಗು ಇಂಥದ್ದೇ ಬ್ಯಾಟರಿ ನುಂಗಿ ತೀರಿಕೊಂಡ ಮೇಲೆ 2022ರಲ್ಲಿ ಕಾನೂನು ಬಂತು. ಮನೆಬಳಕೆಯ ಸಾಮಾನುಗಳಲ್ಲೂ ಈ ಬ್ಯಾಟರಿಯ ಗೂಡು ಮಕ್ಕಳ ಕೈಗೆ ಸುಲಭವಾಗಿ ಬಿಚ್ಚಿಕೊಳ್ಳಬಾರದು ಎಂದು. ಒಂದು ಸ್ಕ್ರೂ ಹಾಕಿಸುವುದಕ್ಕೆ ಒಂದು ಮಗು ಹೋಗಬೇಕಾಯಿತು.

ಹಿಂದೆಯೂ ಹೀಗೇ ಆಗಿದೆ. ಒಂದು ಕಾಲದಲ್ಲಿ ಫ್ರಿಜ್ಜಿನ ಬಾಗಿಲಿಗೆ ಹೊರಗಡೆಯಿಂದ ಬೀಳುವ ಚಿಲಕ ಇರುತ್ತಿತ್ತು. ಕಣ್ಣಾಮುಚ್ಚಾಲೆ ಆಡುವ ಮಕ್ಕಳು ಎಸೆದ ಫ್ರಿಜ್ಜಿನೊಳಗೆ ಅಡಗಿಕೊಳ್ಳುತ್ತಿದ್ದರು, ಬಾಗಿಲು ಬೀಳುತ್ತಿತ್ತು, ಒಳಗಿನಿಂದ ತೆಗೆಯಲು ಬರುತ್ತಿರಲಿಲ್ಲ. ಕೂಗಿದರೆ ದನಿಯೂ ಹೊರಗೆ ಬರುತ್ತಿರಲಿಲ್ಲ. ಆಗಲೂ ಜನ ತಾಯಂದಿರನ್ನು ಕೇಳಿಯೇ ಇರುತ್ತಾರೆ, ನೀನೆಲ್ಲಿದ್ದೆ ಅಂತ. 1956ರಲ್ಲಿ ಅಮೆರಿಕ ಕಾನೂನು ಮಾಡಿತು, ಒಳಗಿನಿಂದ ತಳ್ಳಿದರೆ ಬಾಗಿಲು ತೆರೆಯಬೇಕು ಎಂದು. ಇವತ್ತು ನಿಮ್ಮ ಮನೆಯ ಫ್ರಿಜ್ಜಿನ ಬಾಗಿಲ ಸುತ್ತ ರಬ್ಬರ್ ಪಟ್ಟಿ ಇದೆ, ಅದರೊಳಗೆ ಅಯಸ್ಕಾಂತ ಇದೆ. ಬಾಗಿಲನ್ನು ಹಿಡಿದಿರುವುದು ಅದೇ. ತಳ್ಳಿದರೆ ಬಿಡುತ್ತದೆ.

ನ್ಯೂಯಾರ್ಕ್ ನಗರದಲ್ಲಿ ಎತ್ತರದ ಕಟ್ಟಡಗಳ ಕಿಟಕಿಯಿಂದ ಮಕ್ಕಳು ಬೀಳುವುದು ದೊಡ್ಡ ಚಿಂತೆಯಾಗಿತ್ತು. 1972ರಲ್ಲಿ ಆರೋಗ್ಯ ಇಲಾಖೆ ಕೆಲಸ ಶುರು ಮಾಡಿತು. ತಿಳಿವಳಿಕೆ ಹೇಳುವುದರ ಜೊತೆಗೆ ಕಿಟಕಿಗೆ ಸರಳುಗಳನ್ನು ಪುಕ್ಕಟೆ ಹಂಚಿತು. 1976ರಲ್ಲಿ ಚಿಕ್ಕ ಮಕ್ಕಳಿರುವ ಬಾಡಿಗೆ ಮನೆಗೆ ಮಾಲೀಕರೇ ಸರಳು ಹಾಕಿಸಬೇಕು ಎಂಬ ನಿಯಮ ಬಂತು. ಬೀಳುವ ಮಕ್ಕಳ ಸಂಖ್ಯೆ ತೀರಾ ಇಳಿಯಿತು. ಆ ಊರಿನ ತಾಯಂದಿರ ಕಣ್ಣು ಆ ವರ್ಷಗಳಲ್ಲಿ ಇದ್ದಕ್ಕಿದ್ದಂತೆ ಚುರುಕಾಯಿತಾ? ಕಿಟಕಿಗೆ ಸರಳು ಬಂತು, ಅಷ್ಟೇ.

"ನಾವೆಲ್ಲ ಇದೇ ಥರ ಬೆಳೆದವರಲ್ವಾ, ನಮಗೇನಾಯ್ತು?" ಇದು ಫೋನಿನಲ್ಲಿ ಬಂದ ಇನ್ನೊಂದು ಮಾತು. ಉತ್ತರ ಹೇಳುತ್ತೇನೆ. ನೀವು ಬೆಳೆದ ಮನೆಯಲ್ಲಿ ಲಿಥಿಯಂ ಬ್ಯಾಟರಿ ಇರಲಿಲ್ಲ. ಈಗ ಎಣಿಸಿ ನೋಡಿ: ರಿಮೋಟು, ತೂಕದ ಯಂತ್ರ, ಥರ್ಮಾಮೀಟರ್, ಕಾರಿನ ಕೀ, ತೆರೆದರೆ ಹಾಡುವ ಶುಭಾಶಯ ಪತ್ರ. ಇನ್ನು "ನಮಗೇನಾಯ್ತು" ಎಂದ ಅದೇ ದೊಡ್ಡಮ್ಮನ ತಮ್ಮನಿಗೆ ಭುಜದಿಂದ ಮೊಣಕೈವರೆಗೆ ಸುಟ್ಟ ಕಲೆ ಇದೆ. ಚಿಕ್ಕಂದಿನಲ್ಲಿ ಬಿಸಿನೀರಿನ ಪಾತ್ರೆ ಎಳೆದುಕೊಂಡದ್ದು. ನಮ್ಮ ಮನೆಯ ಯಾವ ಮದುವೆಯಲ್ಲೂ ಮಾಮ ಅರ್ಧ ತೋಳಿನ ಅಂಗಿ ಹಾಕಿದ್ದು ನಾನು ನೋಡಿಲ್ಲ.

ಹಾಗಾದರೆ ಮಗುವಿನ ಮೇಲೆ ಕಣ್ಣಿಡುವುದೇ ಬೇಡವಾ ಎಂದು ಕೆಲವರು ಕೇಳುತ್ತೀರಿ. ಇಡಬೇಕು. ಸ್ನಾನದ ನೀರಿನ ಹತ್ತಿರವಂತೂ ಕಣ್ಣು ಸಾಲದು, ಕೈಯೇ ಇರಬೇಕು. ಈ ವಯಸ್ಸಿನ ಮಕ್ಕಳಿಗೆ ಮೈಯ ಅಳತೆಗೆ ಹೋಲಿಸಿದರೆ ತಲೆ ಭಾರ. ಬಕೆಟ್ಟಿಗೆ ಬಗ್ಗಿ ತಲೆಕೆಳಗಾದರೆ ಎದ್ದೇಳಲು ಬರುವುದಿಲ್ಲ. ಕೆಲವೇ ಸೆಂಟಿಮೀಟರ್ ನೀರು ಸಾಕು, ಸದ್ದೂ ಆಗುವುದಿಲ್ಲ. ಅದಕ್ಕೇ ಹೇಳುವುದು, ಬಕೆಟ್ ಖಾಲಿ ಮಾಡಿ ಬೋರಲು ಹಾಕಿ. ಕಣ್ಣು ಮಿಟುಕುತ್ತದೆ, ನಿದ್ದೆಗೆ ಜಾರುತ್ತದೆ, ಬಾಗಿಲು ಬಡಿದರೆ ಆ ಕಡೆ ತಿರುಗುತ್ತದೆ. ಬೋರಲು ಹಾಕಿದ ಬಕೆಟ್ಟು ಹಾಗೇ ಇರುತ್ತದೆ.

ಔಷಧಿ ಬಾಟಲಿಯ ಮುಚ್ಚಳದ ವಿಷಯವನ್ನೂ ಹೇಳಿಬಿಡುತ್ತೇನೆ. ಒತ್ತಿ ತಿರುಗಿಸಬೇಕಾದ ಮುಚ್ಚಳ ಇರುತ್ತದಲ್ಲ, ಅದನ್ನು ಕಡ್ಡಾಯ ಮಾಡುವ ಕಾನೂನು ಅಮೆರಿಕದಲ್ಲಿ ಬಂದದ್ದು 1970ರಲ್ಲಿ. ಅದಾದ ಮೇಲೆ ಮಾತ್ರೆ ನುಂಗಿ ಸಾಯುವ ಮಕ್ಕಳ ಸಂಖ್ಯೆ ಇಳಿಯಿತು. ಆದರೆ ಆ ಮುಚ್ಚಳ ಇದೆ ಎಂದು ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಅದನ್ನು ಪರೀಕ್ಷೆ ಮಾಡುವುದು 42ರಿಂದ 51 ತಿಂಗಳ ಮಕ್ಕಳ ಕೈಗೇ ಕೊಟ್ಟು. ಮೊದಲ 5 ನಿಮಿಷ ಅವರ ಪಾಡಿಗೆ ಬಿಡುತ್ತಾರೆ. ಆಮೇಲೆ ಹೇಗೆ ತೆಗೆಯುವುದು ಎಂದು ತೋರಿಸಿ ಇನ್ನೂ 5 ನಿಮಿಷ ಕೊಡುತ್ತಾರೆ, ಹಲ್ಲಿನಿಂದ ಕಚ್ಚಬಹುದು ಎಂದೂ ಹೇಳುತ್ತಾರೆ. ಕೊನೆಗೆ 100ರಲ್ಲಿ 80 ಮಕ್ಕಳಿಗೆ ತೆಗೆಯಲು ಆಗದಿದ್ದರೆ ಮುಚ್ಚಳ ಪಾಸು. ಅಂದರೆ 20 ಮಕ್ಕಳು ತೆಗೆದರೂ ಪಾಸೇ. ಆ ಮುಚ್ಚಳದಿಂದ ನಮಗೆ ಸಿಗುವುದು ಕೆಲವು ನಿಮಿಷ ಅಷ್ಟೇ. ಆ ನಿಮಿಷಗಳೂ ದೊಡ್ಡವು, ನಾನು ಬೇಡ ಅನ್ನುವುದಿಲ್ಲ.

ಅಪ್ಪನ ಮಾತ್ರೆಗಳಿಗೆ ಅದೂ ಇಲ್ಲ. ವಾರದ ಏಳು ದಿನಕ್ಕೆ ಏಳು ಮನೆ ಇರುವ ಪ್ಲಾಸ್ಟಿಕ್ ಡಬ್ಬಿ ಅವರದ್ದು. ಉಗುರು ತಾಗಿಸಿದರೆ ಮುಚ್ಚಳ ಏಳುತ್ತದೆ. ಅದು ಅವರ ಕೈಚೀಲದಲ್ಲಿ, ಕೈಚೀಲ ಮಂಚದ ಕೆಳಗೆ. ಆಸ್ಪತ್ರೆಯಿಂದ ಬಂದ ಸಂಜೆಯೇ ನಾನು ಅದನ್ನು ಎತ್ತಿ ಮೇಲಿನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಅಪ್ಪನಿಗೆ ಬೇಜಾರಾಯಿತು.

"ನಾನೇನು ಮಗು ಕೈಗೆ ಮಾತ್ರೆ ಕೊಡ್ತೀನಾ?"

"ನೀವು ಕೊಡಲ್ಲ ಅಪ್ಪಾ, ಅವಳೇ ತಗೊಳ್ತಾಳೆ."

"ಅವಳ ಅಮ್ಮ ನೋಡ್ಕೊಳ್ಳಲ್ವಾ?"

ನೋಡಿ, ಮತ್ತೆ ಅಲ್ಲಿಗೇ ಬಂತು! ಸಕ್ಕರೆ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳಲ್ಲಿ ಒಂದೇ ಒಂದು ಸಾಕು, ಚಿಕ್ಕ ಮಗುವಿನ ರಕ್ತದ ಸಕ್ಕರೆ ಪ್ರಾಣಕ್ಕೆ ಬರುವಷ್ಟು ಇಳಿಯುತ್ತದೆ, ಅದೂ ಕೆಲವೊಮ್ಮೆ ಗಂಟೆಗಟ್ಟಲೆ ಬಿಟ್ಟು. ಬಿಪಿಯ ಕೆಲವು ಮಾತ್ರೆಗಳೂ ಹಾಗೇ. ಅಪ್ಪನಿಗೆ ಇದನ್ನು ಕೂರಿಸಿ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಮರುದಿನ ಬೆಳಿಗ್ಗೆ ಕಪಾಟಿನ ಕೀ ಎಲ್ಲಿಡಬೇಕು ಎಂದು ಅವರೇ ಕೇಳಿದರು. ಈಗ ಅದು ಬಾಗಿಲ ಚೌಕಟ್ಟಿನ ಮೇಲೆ ಹೊಡೆದ ಮೊಳೆಯಲ್ಲಿದೆ.

ಗಾಬರಿಯಲ್ಲಿ ಜನ ಮಾಡುವ ಕೆಲಸಗಳ ಬಗ್ಗೆಯೂ ಹೇಳಲೇಬೇಕು, ಯಾಕೆಂದರೆ ಫೋನಿನಲ್ಲಿ ಆ ಸಲಹೆಗಳೂ ಬಂದವು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಉಪ್ಪೇ ಚಿಕ್ಕ ಮಕ್ಕಳಿಗೆ ವಿಷ ಆಗಬಹುದು. ಸೀಮೆಎಣ್ಣೆ ಕುಡಿದ ಮಗುವಿಗಂತೂ ವಾಂತಿ ಮಾಡಿಸಲೇಬಾರದು, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗಿ ಅಲ್ಲಿ ಜಾಸ್ತಿ ಹಾನಿ ಮಾಡುತ್ತದೆ. ಆಸಿಡ್ ಅಥವಾ ಕ್ಷಾರ ಕುಡಿದಿದ್ದರೆ ಒಳಗೆ ಹೋಗುವಾಗ ಸುಟ್ಟದ್ದು ಹೊರಗೆ ಬರುವಾಗ ಇನ್ನೊಮ್ಮೆ ಸುಡುತ್ತದೆ. ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಕಾಣದೆ ಬೆರಳು ತೂರಿಸಬೇಡಿ, ಇನ್ನೂ ಒಳಗೆ ತಳ್ಳಿಬಿಡುತ್ತೀರಿ. ಬ್ಯಾಟರಿ ನುಂಗಿದೆ ಎಂಬ ಅನುಮಾನ ಇದ್ದರೆ, ಮಗುವಿಗೆ ಒಂದು ವರ್ಷ ತುಂಬಿದ್ದು, ನುಂಗುವುದಕ್ಕೆ ತೊಂದರೆ ಇಲ್ಲದಿದ್ದರೆ, ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಚಿಕ್ಕ ಚಮಚ ಜೇನುತುಪ್ಪ ಕೊಡಬಹುದು, ಹೆಚ್ಚೆಂದರೆ ಆರು ಸಲ. ಸುಡುವುದು ಸ್ವಲ್ಪ ನಿಧಾನವಾಗುತ್ತದೆ. ಅದನ್ನು ಹುಡುಕುತ್ತಾ ಮನೆಯಲ್ಲಿ ನಿಲ್ಲಬೇಡಿ, ಮೊದಲು ಹೊರಡಿ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು. ಏನು ನುಂಗಿತೋ ಅದರ ಡಬ್ಬಿ, ಬಾಟಲಿ, ಬ್ಯಾಟರಿಯ ಖಾಲಿ ಪ್ಯಾಕೆಟ್, ಯಾವುದಿದ್ದರೂ ಜೊತೆಗೆ ಒಯ್ಯಿರಿ. ನೀರಿನ ಬಾಟಲಿಯಲ್ಲಿ ಫಿನಾಯಿಲ್, ಸೀಮೆಎಣ್ಣೆ ತುಂಬಿಡುವವರು ಇವತ್ತೇ ಅದನ್ನು ನಿಲ್ಲಿಸಿ. ಮಗುವಿಗೆ ಆ ಬಾಟಲಿ ಎಂದರೆ ನೀರು.

ನನ್ನ ಹೆಂಡತಿ ಈಗ ಸ್ನಾನಕ್ಕೆ ಹೋದರೂ ಬಾಗಿಲು ಪೂರ್ತಿ ಹಾಕುವುದಿಲ್ಲ. ನಡುನಡುವೆ "ಇದ್ದಾಳಾ?" ಎಂದು ಕೂಗುತ್ತಾಳೆ. ಮಗು ನನ್ನ ತೊಡೆಯ ಮೇಲೇ ಇರುತ್ತದೆ. ಇದನ್ನು ಅವಳಿಗೆ ಕಲಿಸಿದ್ದು ಆ ಬ್ಯಾಟರಿ ಅಲ್ಲ, ನಿಮ್ಮ ಫೋನುಗಳು. ಕೇಳಿದವರೆಲ್ಲ ಪ್ರೀತಿಯಿಂದಲೇ ಕೇಳಿದಿರಿ, ನನಗೆ ಗೊತ್ತು. ಆದರೂ ಇನ್ನು ಮುಂದೆ ಆ ಪ್ರಶ್ನೆ ಇದ್ದರೆ ನನಗೆ ಫೋನ್ ಮಾಡಿ, ಅವಳಿಗೆ ಬೇಡ.

ಸ್ಕ್ರೂ ಇಲ್ಲದ ಬ್ಯಾಟರಿ ಗೂಡುಗಳಿಗೆಲ್ಲ ಗಟ್ಟಿ ಟೇಪು ಸುತ್ತಿದ್ದೇನೆ. ಹಳೆ ಬ್ಯಾಟರಿಗಳ ಎರಡೂ ಬದಿಗೆ ಟೇಪು ಹಚ್ಚಿ ಬೀಗದ ಕಪಾಟಿಗೆ ಹಾಕಿದ್ದೇನೆ, ಮರುಬಳಕೆಗೆ ಕೊಡುವವರೆಗೆ ಅಲ್ಲೇ ಇರಲಿ. ಆ ರಿಮೋಟ್ ಮಾಡಿದ ಕಂಪನಿಗೆ ಫೋಟೋ ಸಮೇತ ಕಾಗದ ಬರೆದು, ಗೂಡಿಗೆ ಒಂದು ಸ್ಕ್ರೂ ಯಾಕಿಲ್ಲ ಎಂದು ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಬಂದರೆ ಇಲ್ಲೇ ಹಾಕುತ್ತೇನೆ. ನಿಮ್ಮ ಮನೆಯ ರಿಮೋಟೂ ಹಾಗೇ ಇದ್ದರೆ ನೀವೂ ಬರೆಯಿರಿ. ನಮ್ಮ ಮನೆಗೆ ಬರುವವರು ಕೈಚೀಲವನ್ನು ದಯವಿಟ್ಟು ನೆಲದ ಮೇಲೆ ಇಡಬೇಡಿ, ಬಾಗಿಲ ಪಕ್ಕ ಎತ್ತರದಲ್ಲಿ ಕೊಕ್ಕೆ ಹಾಕಿಸಿದ್ದೇನೆ.